ಅಕ್ಕಿಮುಡಿ ಹೊತ್ತ ಬಂದರು: ಬಸರೂರಿನ ಏಳುಬೀಳು



ಕರಾವಳಿಯ ಒಂದು ಹಳೆಯ ಬಂದರಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಸಹಜವಾಗಿಯೇ "ಮಲ್ಪೆಯದ್ದೋ, ಉದ್ಯಾವರದ್ದೋ?" ಎಂದು ಕೇಳಿದರು. ಎರಡೂ ಈ ಅಲೆವೂರಿನಿಂದ ಕೂಗಳತೆಯ ಊರುಗಳು. ಉದ್ಯಾವರ ಆಳುಪರ ರಾಜಧಾನಿಯಾಗಿದ್ದ ಪಟ್ಟಣ. ಅಲ್ಲಿನ ಎಂಟನೆಯ ಶತಮಾನದ ಕಲ್ಲುಗಳಲ್ಲಿ ಅರಸುಮನೆತನದ ದಾಯಾದಿ ಜಗಳಕ್ಕೆ ಪ್ರಾಣ ಕೊಟ್ಟವರ ಹೆಸರುಗಳಿವೆ. ಮಲ್ಪೆಗೆ ಮಧ್ವಾಚಾರ್ಯರ ಕಥೆಯೇ ಇದೆ. ದ್ವಾರಕೆಯ ಕಡೆಯಿಂದ ಬಂದ ಹಡಗು ಗಾಳಿಗೆ ಸಿಕ್ಕಿತು, ಆಚಾರ್ಯರು ಅದನ್ನು ದಡ ಮುಟ್ಟಿಸಿದರು, ಪ್ರತಿಯಾಗಿ ಗೋಪೀಚಂದನದ ಹೆಂಟೆ ಪಡೆದರು, ಅದರೊಳಗೆ ಕೃಷ್ಣನಿದ್ದ. ಭಕ್ತರು ಈ ಕಥೆಯನ್ನು ಭಕ್ತಿಯಿಂದ ಕೇಳುತ್ತಾರೆ. ಹಡಗಿನ ವಿಷಯ ಓದುವವನಿಗೆ ಅದರಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ. ಗುಜರಾತಿನ ಕರೆಗೂ ನಮ್ಮ ಕರೆಗೂ ನಡುವೆ ಹಡಗು ಓಡಾಡುವುದು ಹದಿಮೂರನೆಯ ಶತಮಾನದ ಕೇಳುಗರಿಗೆ ವಿವರಿಸಿ ಹೇಳಬೇಕಾದ ವಿಷಯವೇ ಆಗಿರಲಿಲ್ಲ.

ಇಷ್ಟೆಲ್ಲ ಇದ್ದರೂ ನಾನು ಆರಿಸಿಕೊಂಡದ್ದು ಬಸರೂರನ್ನು. ಕುಂದಾಪುರದಿಂದ ಮೂಡಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ವಾರಾಹಿಯ ದಂಡೆಯಲ್ಲಿ, ಇವತ್ತು ಕಾಲೇಜು ಮತ್ತು ದೇವಸ್ಥಾನಗಳ ಶಾಂತವಾದ ಊರು ಅದು. ಅದನ್ನೇ ಆರಿಸಿದ್ದಕ್ಕೆ ಕಾರಣವಿದೆ. ನಮ್ಮ ಬೈಲು ಗದ್ದೆಗೂ ಅರಬ್ಬೀ ಸಮುದ್ರಕ್ಕೂ ಇದ್ದ ನಂಟು ಬಸರೂರಿನ ದಾಖಲೆಗಳಲ್ಲಿ ಕಾಣುವಷ್ಟು ಚೆನ್ನಾಗಿ ಬೇರೆಲ್ಲೂ ಕಾಣುವುದಿಲ್ಲ. ಅಲೆವೂರಿನ ಅಕ್ಕಿ ಬಸರೂರಿಗೆ ಹೋಗುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಈ ಕಡೆಯದ್ದಕ್ಕೆ ಹತ್ತಿರದ ಹೊಳೆಬಾಯಿಗಳೇ ಸಾಕಿದ್ದವು. ಆದರೆ ಇಡೀ ಕರಾವಳಿಯಲ್ಲಿ ನಡೆದದ್ದು ಒಂದೇ ಬಗೆಯ ವ್ಯಾಪಾರ, ಅದರ ದೊಡ್ಡ ಮಾದರಿ ಬಸರೂರು.

ಬಂದರು ಎಂದ ಕೂಡಲೇ ನಾವು ಕಾಳುಮೆಣಸು ಎನ್ನುತ್ತೇವೆ. ತಪ್ಪೇನೂ ಅಲ್ಲ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕಾಸ್ಮಸ್ ಎಂಬ ವರ್ತಕ, ಮುಂದೆ ಸನ್ಯಾಸಿಯಾದವನು, ಗ್ರೀಕ್ ಭಾಷೆಯಲ್ಲಿ ಬರೆದ ಪುಸ್ತಕದಲ್ಲಿ ಮೆಣಸಿನ ಬಂದರುಗಳ ಪಟ್ಟಿ ಕೊಡುತ್ತಾನೆ. ಅದರಲ್ಲಿ 'ಮಂಗರೂಥ್' ಇದೆ, ನಮ್ಮ ಮಂಗಳೂರು. ಅದಕ್ಕೂ ಹಿಂದೆ, ಒಂದನೆಯ ಶತಮಾನದಲ್ಲಿ, ರೋಮಿನ ಪ್ಲಿನಿ ಮಲಬಾರಿನ ಮುಜಿರಿಸ್ ಬಂದರಿಗೆ ಹೋಗುವುದು ಕ್ಷೇಮವಲ್ಲ, ನಿತ್ರಿಯಾಸ್ ಎಂಬಲ್ಲಿ ಕಡಲ್ಗಳ್ಳರಿದ್ದಾರೆ ಎಂದ. ಆ ನಿತ್ರಿಯಾಸ್ ನೇತ್ರಾವತಿಯ ಕಡೆಯದ್ದು ಎನ್ನುವವರಿದ್ದಾರೆ, ಭಟ್ಕಳ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಎನ್ನುವವರೂ ಇದ್ದಾರೆ.

ಗ್ರೀಕರ ಹೆಸರು ಬಂದಮೇಲೆ ಆ ಪ್ರಹಸನವನ್ನು ಬಿಟ್ಟು ಮುಂದೆ ಹೋದರೆ ಈ ಸಭೆ ನನ್ನನ್ನು ಬಿಡಲಿಕ್ಕಿಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ ಒಂದು ನಗೆನಾಟಕ ಇತ್ತು, ಅದು 1903ರಲ್ಲಿ ಅಚ್ಚಾಯಿತು. ಖಾರಿಟಿಯೊನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತಡಿಯ ಒಬ್ಬ ಅರಸನ ಕೈಗೆ ಸಿಕ್ಕಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬಂದು, ಅರಸನಿಗೆ ನೀರು ಬೆರೆಸದ ಮದ್ಯ ಕುಡಿಸಿ, ತಂಗಿಯನ್ನು ಬಿಡಿಸಿಕೊಂಡು ಹೋಗುತ್ತಾನೆ. ಅರಸ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದು ಕನ್ನಡ ಎಂದು ಜರ್ಮನ್ ವಿದ್ವಾಂಸ ಹುಲ್ಟ್ಸ್ 1904ರಲ್ಲಿ ಹೇಳಿದರು. ಆರ್. ಶಾಮಾಶಾಸ್ತ್ರಿಗಳೂ ಮಂಜೇಶ್ವರದ ಗೋವಿಂದ ಪೈಗಳೂ ಅದರ ಹಿಂದೆ ಬಿದ್ದರು. ಪೈಗಳ ವಾದ ಘಟನೆಯನ್ನು ನಮ್ಮ ಉಡುಪಿಯ ಸುತ್ತಿಗೇ ತಂದಿತು. ಆಮೇಲೆ ಅದು ಕನ್ನಡವಲ್ಲ, ತುಳು ಎಂಬ ವಾದವೂ ಹುಟ್ಟಿತು. ಆದರೆ 1926ರಲ್ಲೇ ಬಾರ್ನೆಟ್ ಎಂಬ ಇನ್ನೊಬ್ಬ ವಿದ್ವಾಂಸರು ಆ ಮಾತುಗಳನ್ನು ಕನ್ನಡವೆಂದು ಓದಿದ್ದೇ ಸರಿಯಲ್ಲ ಎಂದು ಬರೆದಿದ್ದಾರೆ. ನನಗೆ ಬಾರ್ನೆಟ್ ವಾದವೇ ಗಟ್ಟಿಯಾಗಿ ಕಾಣುತ್ತದೆ. ನಾಟಕದ ಹಾಸ್ಯಕ್ಕೆಂದು ಬರೆದ ಪರಭಾಷೆ ನಿಜವಾದ ಭಾಷೆಯೇ ಆಗಿರಬೇಕೆಂದಿಲ್ಲ. ನಮ್ಮ ಯಕ್ಷಗಾನದ ಹಾಸ್ಯಗಾರ ಮಲಯಾಳ ಮಾತಾಡಿದ ಹಾಗೆ ನಟಿಸಿದರೆ ನಾಳೆ ಯಾರೋ ಅದನ್ನಿಟ್ಟುಕೊಂಡು ಮಲಯಾಳ ವ್ಯಾಕರಣ ಬರೆಯಹೊರಟ ಹಾಗಾಗುತ್ತದೆ. ಹೆಮ್ಮೆಪಡಲಿಕ್ಕೆ ನಮಗೆ ಇದಕ್ಕಿಂತ ಭದ್ರವಾದ ನೆಲ ಬೇರೆ ಇದೆ.

ಆ ನೆಲ ಭತ್ತದ ಗದ್ದೆ.

ಮೆಣಸಿನ ಬಗ್ಗೆ ಇಷ್ಟೊಂದು ಬರಹ ಹುಟ್ಟಿದ್ದು, ಬರೆದವರ ಊರಿಗೆ ಅದು ಹೋಗುತ್ತಿದ್ದುದರಿಂದ. ವೆನಿಸಿನವನಿಗೂ ಲಿಸ್ಬನ್ನಿನವನಿಗೂ ಮೆಣಸು ಬೇಕಿತ್ತು. ನಮ್ಮ ಅಕ್ಕಿ ಯುರೋಪಿಗೆ ಹೋಗಲಿಲ್ಲ. ಅದು ಹೋದದ್ದು ಮಲಬಾರಿಗೆ, ಗೋವಾಕ್ಕೆ, ಹೋರ್ಮುಜ್, ಮಸ್ಕತ್, ಏಡನ್ ಕಡೆಗೆ. ಅಲ್ಲಿ ತಿಂದವರು ಪುಸ್ತಕ ಬರೆಯಲಿಲ್ಲ. ಆದರೆ ಹಡಗಿನ ಹೊಟ್ಟೆ ತುಂಬುತ್ತಿದ್ದದ್ದು ಅಕ್ಕಿಯೇ. ಮೆಣಸು ಲಾಭದ ಸರಕು, ಅಕ್ಕಿ ಜೀವದ ಸರಕು. ಮೆಣಸು ಒಂದು ವರ್ಷ ಸಿಗದಿದ್ದರೆ ವರ್ತಕ ಬೈಯುತ್ತಾನೆ, ಅಕ್ಕಿ ಒಂದು ತಿಂಗಳು ಬಾರದಿದ್ದರೆ ಕೋಟೆಯೇ ಬೀಳುತ್ತದೆ.

ಇದರ ತೂಕ ತಿಳಿಯಲು ನಿಜವಾದ ಒಂದು ಗ್ರೀಕ್ ಬಂದರಿಗೆ ಹೋಗಿ ಬರೋಣ. ಅಥೆನ್ಸಿನಿಂದ ಆರೇಳು ಕಿಲೋಮೀಟರ್ ದೂರದ ಪಿರೇಯಸ್. ಕ್ರಿಸ್ತಪೂರ್ವ 493ರ ಹೊತ್ತಿಗೆ ಥೆಮಿಸ್ಟೊಕ್ಲೀಸ್ ಎಂಬ ನಾಯಕ ಅದನ್ನು ಕೋಟೆಯ ಬಂದರಾಗಿ ಕಟ್ಟಲು ಶುರುಮಾಡಿಸಿದ. ಮುಂದೆ ಊರಿಗೂ ಬಂದರಿಗೂ ನಡುವೆ ಉದ್ದುದ್ದ ಗೋಡೆಗಳನ್ನೇ ಎಬ್ಬಿಸಿದರು, ಶತ್ರು ಹೊಲಗದ್ದೆ ಸುಟ್ಟರೂ ಕಡಲ ದಾರಿ ತೆರೆದಿರಲಿ ಎಂದು. ಯಾಕೆಂದರೆ ಅಥೆನ್ಸಿನ ಕಲ್ಲುನೆಲ ಊರಿಗೆ ಬೇಕಾದಷ್ಟು ಧಾನ್ಯ ಬೆಳೆಯುತ್ತಿರಲಿಲ್ಲ. ಕಪ್ಪುಸಮುದ್ರದ ಆಚೆಯಿಂದ ಗೋಧಿ ಬರಬೇಕಿತ್ತು. ಒಂದು ಪ್ರಸಿದ್ಧ ಭಾಷಣದಲ್ಲಿ ಡೆಮಾಸ್ತನೀಸ್ ಆ ದಿಕ್ಕಿನಿಂದ ವರ್ಷಕ್ಕೆ 4 ಲಕ್ಷ ಅಳತೆ ಧಾನ್ಯ ಬರುತ್ತದೆ ಎಂದು ಲೆಕ್ಕ ಹೇಳುತ್ತಾನೆ. ಅಥೆನ್ಸಿನಲ್ಲಿ ನೆಲೆಸಿದ ವರ್ತಕ ಬೇರೆ ಊರಿಗೆ ಧಾನ್ಯ ಸಾಗಿಸುವಂತಿಲ್ಲ ಎಂಬ ಕಾನೂನಿತ್ತು. ಕ್ರಿಸ್ತಪೂರ್ವ 405ರಲ್ಲಿ ಸ್ಪಾರ್ಟಾದ ಲೈಸಾಂಡರ್ ಅಥೆನ್ಸಿನ ನೌಕಾಪಡೆಯನ್ನು ಹೆಲೆಸ್ಪಾಂಟ್ ಜಲಸಂಧಿಯಲ್ಲಿ ಮುರಿದ. ಗೋಧಿಯ ದಾರಿ ಕಡಿದುಹೋಯಿತು. ಮರುವರ್ಷ ಹಸಿವಿನಿಂದ ಅಥೆನ್ಸ್ ಶರಣಾಯಿತು, ಆ ಉದ್ದನೆಯ ಗೋಡೆಗಳನ್ನು ಕೆಡವಿದರು. ಆಮೇಲೆ ಕ್ರಿಸ್ತಪೂರ್ವ 86ರಲ್ಲಿ ರೋಮಿನ ಸುಲ್ಲ ಬಂದರನ್ನೇ ಸುಟ್ಟ. ಶತಮಾನಗಳ ಕಾಲ ಅದು ಮೀನುಗಾರರ ಹಳ್ಳಿಯಂತಿತ್ತು. ಬಂದರಿನಲ್ಲಿದ್ದ ಕಲ್ಲಿನ ಸಿಂಹವನ್ನೂ 1680ರ ದಶಕದಲ್ಲಿ ವೆನಿಸಿನವರು ಹೊತ್ತುಕೊಂಡು ಹೋದರು. 1834ರಲ್ಲಿ ಅಥೆನ್ಸ್ ಹೊಸ ಗ್ರೀಸಿನ ರಾಜಧಾನಿಯಾದ ಮೇಲೆ ಪಿರೇಯಸ್ ಮತ್ತೆ ಎದ್ದಿತು. ಈಗ ಬಂದರು ಕಂಪನಿಯ ದೊಡ್ಡ ಪಾಲು ಚೀನಾದ ಹಡಗು ಸಂಸ್ಥೆಯೊಂದರ ಕೈಯಲ್ಲಿದೆ, 2016ರಿಂದ.

ಪಿರೇಯಸ್ ಅನ್ನ ತಿನ್ನುವವರ ಬಂದರು. ಬಸರೂರು ಅನ್ನ ಕಳಿಸುವವರ ಬಂದರು. ಕಪ್ಪುಸಮುದ್ರದ ಆಚೆ ಗೋಧಿ ತುಂಬಿಸಿ ಕಳಿಸುತ್ತಿದ್ದ ಊರುಗಳನ್ನು ಯಾರು ನೆನಪಿಟ್ಟಿದ್ದಾರೆ? ಬಸರೂರಿನದ್ದೂ ಅದೇ ಪಾಡು.

ಈಗ ನಮ್ಮ ಕಡೆಯ ಕಾಲಮಾನ ನೋಡಿ. ಏಣೆಲು ಬೆಳೆ ಮಳೆಯೊಂದಿಗೆ ನಾಟಿಯಾಗಿ ತುಲಾ ಸಂಕ್ರಮಣದ ಹಿಂದೆಮುಂದೆ ಕೊಯ್ಲಿಗೆ ಬರುತ್ತದೆ. ಕಡಲು ಆಷಾಢದಲ್ಲಿ ಮುಚ್ಚಿರುತ್ತದೆ, ನೂಲಹುಣ್ಣಿಮೆಗೆ ಮೊಗವೀರರು ಹಾಲು ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡಿದ ಮೇಲೆ ಮೆಲ್ಲಗೆ ತೆರೆಯುತ್ತದೆ. ಹೊಸ ಅಕ್ಕಿ ಅಂಗಳಕ್ಕೆ ಬಂದು, ಬೇಯಿಸಿ, ಒಣಗಿಸಿ, ಕುಟ್ಟಿ ಸಿದ್ಧವಾಗುವ ಹೊತ್ತಿಗೆ ಮೂಡಣ ಗಾಳಿ ಬೀಸತೊಡಗುತ್ತದೆ. ಹಾಯಿಹಡಗನ್ನು ಅರಬ್ಬೀ ಕರೆಗೆ ಒಯ್ಯುವ ಗಾಳಿ ಅದೇ. ಗದ್ದೆಯ ಕೆಲಸಕ್ಕೂ ಕಡಲಿನ ಕೆಲಸಕ್ಕೂ ಪ್ರಕೃತಿಯೇ ಹೀಗೆ ಜೋಡಿ ಹಾಕಿಕೊಟ್ಟ ಕರಾವಳಿ ಹೆಚ್ಚಿಲ್ಲ. ಮೆಣಸು ಕೊಯ್ಲಿಗೆ ಬರುವುದು ಇನ್ನೂ ತಡವಾಗಿ. ಋತುವಿನ ಮೊದಲ ಹಡಗು ಅಕ್ಕಿಯದ್ದೇ.

ಇನ್ನು ಕುಚ್ಚಲಕ್ಕಿ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸುವುದರಿಂದ ಕಾಳು ಗಟ್ಟಿಯಾಗುತ್ತದೆ, ಕುಟ್ಟುವಾಗ ನುಚ್ಚು ಕಡಿಮೆ, ಹುಳ ಹಿಡಿಯುವುದು ನಿಧಾನ. ತವುಡಿನಲ್ಲಿರುವ ಪೌಷ್ಟಿಕಾಂಶವೂ ಸ್ವಲ್ಪಮಟ್ಟಿಗೆ ಕಾಳಿನ ಒಳಗಿಳಿಯುತ್ತದೆ. ಬರೀ ಬೆಳ್ತಿಗೆ ತಿಂದರೆ ಬರುವ ಬೆರಿಬೆರಿ ರೋಗ ಕುಚ್ಚಲಕ್ಕಿ ತಿನ್ನುವವರಲ್ಲಿ ಅಪರೂಪ. ತಿಂಗಳುಗಟ್ಟಲೆ ಕಡಲಲ್ಲಿರುವ ನಾವಿಕನಿಗೆ ಇದಕ್ಕಿಂತ ಒಳ್ಳೆಯ ಬುತ್ತಿ ಬೇಕೆ?

ಅದನ್ನು ತುಂಬಿಸುತ್ತಿದ್ದದ್ದು ಮುಡಿಯಲ್ಲಿ. ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ, ಹಿಂದಿನ ಸಾಲಿನಲ್ಲಿರುವ ಕಾಲೇಜು ಮಕ್ಕಳಿಗಾಗಿ ಹೇಳುತ್ತೇನೆ. ಬೈಹುಲ್ಲನ್ನು ನೀರು ಚಿಮುಕಿಸಿ ಹದ ಮಾಡಿಕೊಳ್ಳುತ್ತಾರೆ. ಹುಲ್ಲಿನದ್ದೇ ಹಗ್ಗ ಹೊಸೆಯುತ್ತಾರೆ. ಹಗ್ಗಗಳನ್ನು ನೆಲದ ಮೇಲೆ ನಕ್ಷತ್ರದ ಹಾಗೆ ಹರಡಿ, ಮೇಲೆ ಹುಲ್ಲಿನ ಹಾಸು ಹಾಕಿ, ನಡುವೆ ಅಕ್ಕಿ ಸುರಿದು ಸುತ್ತಲಿಂದ ಹುಲ್ಲು ಎತ್ತಿ ಮುಚ್ಚುತ್ತಾರೆ. ಆಮೇಲೆ ಬಿಗಿ ಎಳೆಯುವುದು, ಮರದ ತುಂಡಿನಿಂದ ತಟ್ಟುವುದು, ಉರುಳಿಸಿ ಮತ್ತೆ ಎಳೆಯುವುದು. ಎಳೆಯುವಾಗ ಕಾಲಿನಿಂದ ಮೆಟ್ಟಿ ಹಿಡಿಯಬೇಕು, ಬೆವರು ಇಳಿಯುತ್ತದೆ. ಚೆನ್ನಾಗಿ ಕಟ್ಟಿದ ಮುಡಿ ಕುಂಬಳಕಾಯಿಯ ಹಾಗೆ ದುಂಡಗೆ, ಕಲ್ಲಿನ ಹಾಗೆ ಗಟ್ಟಿ. ತಟ್ಟಿದರೆ ಒಳಗೆ ಕಾಳು ಅಲುಗಾಡಿದ ಸದ್ದು ಕೇಳಬಾರದು, ಕೇಳಿದರೆ ಮನೆಯ ಯಜಮಾನ ಕಟ್ಟಿದವನಿಂದಲೇ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದ. ಹದಿನಾಲ್ಕು ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ಅಟ್ಟದ ಮೇಲೆ ಹೊಗೆ ತಾಗುವಲ್ಲಿ ಇಟ್ಟರೆ ವರ್ಷ ಕಳೆದರೂ ಕೆಡುವುದಿಲ್ಲ. ಗೋಣಿ ಬೇಡ, ಪೆಟ್ಟಿಗೆ ಬೇಡ, ಒಬ್ಬ ಆಳು ಹೊರಬಹುದು, ದೋಣಿಯಲ್ಲಿ ಒಂದರ ಮೇಲೊಂದು ಪೇರಿಸಬಹುದು. ಅಳತೆ ಮೊದಲೇ ಗೊತ್ತಿರುವುದರಿಂದ ಧಕ್ಕೆಯಲ್ಲಿ ಎಣಿಸಿದರೆ ಮುಗಿಯಿತು, ಅಳೆಯಬೇಕಾಗಿಲ್ಲ.

1516ರ ಸುಮಾರಿಗೆ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೊಸ ಈ ಹುಲ್ಲುಕಟ್ಟುಗಳನ್ನು ಕಣ್ಣಾರೆ ನೋಡಿದ್ದಾನೆ. ಬಸರೂರು, ಬಾರಕೂರುಗಳ ಹೊಳೆಗಳಿಂದ ಅಕ್ಕಿ ಹೇಗೆ ಹೊರಹೋಗುತ್ತದೆ, ಎಷ್ಟು ಜಾತಿಯ ಅಕ್ಕಿ, ವರ್ಷಕ್ಕೆ ಎಷ್ಟು ಬೆಳೆ, ಮಲಬಾರಿನವರು ಬದಲಿಗೆ ತೆಂಗಿನಕಾಯಿ, ಎಣ್ಣೆ, ಬೆಲ್ಲ ತಂದುಕೊಡುತ್ತಾರೆ ಎಂಬುದನ್ನೆಲ್ಲ ಬರೆದಿಟ್ಟಿದ್ದಾನೆ. ಅವನು ಹೆಸರಿಸುವ ನಾಲ್ಕು ಅಕ್ಕಿಗಳಲ್ಲಿ ಒಂದು 'ಪಚ್ಚರಿ', ಕಾಸರಗೋಡಿನ ಕಡೆಯವರಿಗೆ ಇವತ್ತಿಗೂ ಗೊತ್ತಿರುವ ಹೆಸರು. ಪೋರ್ಚುಗೀಸರ ಲೆಕ್ಕಪುಸ್ತಕಗಳಲ್ಲಿ ಕೆನರಾದ ಅಕ್ಕಿ 'ಫಾರ್ದೊ'ಗಳ ಲೆಕ್ಕದಲ್ಲಿ ಬರುತ್ತದೆ. ಆ ಫಾರ್ದೊ ಎಂದರೆ ಕಟ್ಟು. ನಮ್ಮ ಮುಡಿಯನ್ನೇ ಅವರು ಹಾಗೆ ಎಣಿಸುತ್ತಿದ್ದರು ಎಂದು ನಾನು ಓದಿಕೊಳ್ಳುತ್ತೇನೆ.

ಪೋರ್ಚುಗೀಸರಿಗಿಂತ ಸುಮಾರು 150 ವರ್ಷ ಹಿಂದೆ ಮೊರಾಕ್ಕೊದ ಇಬ್ನ್ ಬತೂತ ಈ ಕರೆಯಲ್ಲಿ ಸಾಗಿದ್ದ. ಅವನ 'ಅಬೂ ಸರೂರ್' ಬಸರೂರು ಎಂದು ವಿದ್ವಾಂಸರು ಗುರುತಿಸಿದ್ದಾರೆ. ದೊಡ್ಡ ಹಿನ್ನೀರಿನ ದಡದ ಸಣ್ಣ ಊರು, ತೆಂಗಿನ ಮರಗಳು ತುಂಬಿವೆ, ಬಡವರಿಗೆ ಹಣ ಹಂಚುವ ಒಬ್ಬ ಉದಾರಿ ಮುಸ್ಲಿಂ ಹಿರಿಯ ಇದ್ದಾನೆ ಎಂಬುದು ಅವನ ನೆನಪು. ಅಲ್ಲಿಂದ ಎರಡು ದಿನಕ್ಕೆ ಸಿಕ್ಕಿದ್ದು 'ಫಾಕನೂರ್', ನಮ್ಮ ಬಾರಕೂರು. ಅಲ್ಲಿ ಒಳ್ಳೆಯ ಕಬ್ಬು, ಅರಸನ ಹತ್ತಿರ ಸುಮಾರು 30 ಯುದ್ಧದ ಹಡಗುಗಳು, ಅವುಗಳ ನಾಯಕ ಒಬ್ಬ ಮುಸ್ಲಿಂ. ಹಾದುಹೋಗುವ ಹಡಗುಗಳು ಬಂದರಿಗೆ ಬಂದು ಅರಸನಿಗೆ ಕಾಣಿಕೆ ಕೊಡಬೇಕು. ಕೊಡದೆ ಹೋದರೆ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತಾರೆ. ಪೋರ್ಚುಗೀಸರು ಕಾರ್ತಾಜ್ ಎಂಬ ರಹದಾರಿ ಚೀಟಿ ತಂದಾಗ ನಮ್ಮವರು ಬೆಚ್ಚಿಬಿದ್ದರು ಎಂದು ಶಾಲೆಯಲ್ಲಿ ಓದುತ್ತೇವೆ. ಕಡಲಲ್ಲಿ ಸುಂಕ ಕಸಿಯುವ ವಿದ್ಯೆ ಬಾರಕೂರಿನವರಿಗೂ ಗೊತ್ತಿತ್ತು. ಹೊಸದೇನೆಂದರೆ ಪೋರ್ಚುಗೀಸರು ಅದನ್ನು ಇಡೀ ಸಮುದ್ರಕ್ಕೆ ಹಬ್ಬಿಸಿದರು.

ವಿಜಯನಗರದ ಕಾಲದಲ್ಲಿ ಬಸರೂರು ಬಾರಕೂರು ರಾಜ್ಯದೊಳಗಿನ ಪಟ್ಟಣ. ಆ ಕಾಲದ ಶಾಸನಗಳನ್ನು ಓದಿದರೆ ಅರಸನಿಗಿಂತ ಊರಿನ ಸೆಟ್ಟಿಗಳೇ ಹೆಚ್ಚು ಕಾಣುತ್ತಾರೆ. ಮೂಡುಕೇರಿ, ಪಡುವಕೇರಿ ಎಂದು ಊರು ಕೇರಿಗಳಾಗಿ ಹಂಚಿತ್ತು, ಕೇರಿಗೊಂದು 'ಹಲರು' ಎಂಬ ಸಭೆ. ಜೊತೆಗೆ ಹೊರನಾಡಿನ ವರ್ತಕರ 'ಹಂಜಮಾನ'. ದೇವಸ್ಥಾನಕ್ಕೆ ಭೂಮಿ ಬಿಟ್ಟರೆ ಸಾಕ್ಷಿಗೆ ಇವರು, ತಕರಾರು ಬಂದರೆ ತೀರ್ಪಿಗೆ ಇವರು. ಪಾದೂರು ಗುರುರಾಜ ಭಟ್ಟರು ತುಳುನಾಡಿನ ಕಲ್ಲುಗಳನ್ನು ಊರೂರು ತಿರುಗಿ ಓದಿ 1975ರಲ್ಲಿ ಪ್ರಕಟಿಸಿದ ದೊಡ್ಡ ಇಂಗ್ಲಿಷ್ ಗ್ರಂಥ ಇಲ್ಲದಿದ್ದರೆ ಇದರಲ್ಲಿ ಎಷ್ಟೋ ನಮಗೆ ತಿಳಿಯುತ್ತಲೇ ಇರಲಿಲ್ಲ. ಪಾದೂರು ಕಾಪುವಿನ ಪಕ್ಕದ ಊರು. ನಮ್ಮ ಕಡೆಯ ವಿದ್ವಾಂಸರ ಕೆಲಸವನ್ನು ನಾವು ಹೊಗಳುವಷ್ಟು ಓದುವುದಿಲ್ಲ ಎಂಬ ಗೊಣಗಾಟ ನನ್ನದು, ಕ್ಷಮಿಸಿ.

ಗೋವಾ ಪೋರ್ಚುಗೀಸರ ಕೈಗೆ ಬಂದದ್ದು 1510ರಲ್ಲಿ. ಸೈನಿಕರು, ಪಾದ್ರಿಗಳು, ಹಡಗು ಕಟ್ಟುವವರು, ಗುಲಾಮರು, ಎಲ್ಲರಿಗೂ ಊಟ ಬೇಕು. ಗೋವಾದ ಗದ್ದೆ ಸಾಲದು. ಆದಿಲಶಾಹನೊಂದಿಗೆ ಯುದ್ಧ ಬಂದಾಗಲಂತೂ ಘಟ್ಟದ ಕಡೆಯಿಂದ ಒಂದು ಕಾಳೂ ಇಳಿಯದು. ಕೊನೆಗೆ 1569ರಲ್ಲಿ ವೈಸರಾಯ್ ಲೂಯಿಸ್ ದೆ ಅತೈದೆ ನೌಕಾಪಡೆಯೊಂದಿಗೆ ಬಂದು ಬಸರೂರನ್ನು ಹಿಡಿದ. ಹಿಡಿದದ್ದು ಅಳಿವೆಯ ಹತ್ತಿರದ ಕೋಟೆಯನ್ನು. ಹೊಳೆಯ ಮೇಲಿನ ಪೇಟೆಯನ್ನಲ್ಲ. ಅಲ್ಲಿಂದ ಮುಂದೆ ಎರಡು ಬಸರೂರುಗಳಾದವು, ಕೆಳಗಿನದ್ದು ಫರಂಗಿಗಳದ್ದು, ಮೇಲಿನದ್ದು ಸೆಟ್ಟಿಗಳದ್ದು. ನಡುವೆ ಹೊಳೆ. ಕೋಟೆಯಲ್ಲಿ ತೋಪಿತ್ತು, ಪೇಟೆಯಲ್ಲಿ ಅಕ್ಕಿಯಿತ್ತು.

ಈ ಎರಡು ಊರುಗಳ ಹಗ್ಗಜಗ್ಗಾಟವನ್ನು ಸಂಜಯ್ ಸುಬ್ರಹ್ಮಣ್ಯಂ 1984ರ ಒಂದು ಲೇಖನದಲ್ಲಿ ಬಿಡಿಸಿ ತೋರಿಸಿದ್ದಾರೆ. ಅವರು ತೆಗೆದುಕೊಂಡದ್ದು 1600ರಿಂದ 1650ರ ಅವಧಿ. ಗೋವಾದಿಂದ ಬೆಂಗಾವಲಿನ ಹಡಗುಗಳ ಜೊತೆ ಸಣ್ಣ ದೋಣಿಗಳ ಸಾಲು ಬರುತ್ತಿತ್ತು, ಅದನ್ನು 'ಕಾಫಿಲ' ಎನ್ನುತ್ತಿದ್ದರು. ಅಕ್ಕಿ ತುಂಬಿಸಿ ಒಟ್ಟಾಗಿ ಹಿಂದಿರುಗುವುದು. ಯಾಕೆಂದರೆ ಮಲಬಾರಿನ ಕಡಲ ದಾಳಿಕೋರರು ಹೊಂಚು ಹಾಕಿರುತ್ತಿದ್ದರು. ಇತ್ತ ಬಸರೂರಿನ ಸೆಟ್ಟಿಗಳಿಗೆ ಕೊಳ್ಳುವವನು ಯಾರಾದರೇನು? ಫರಂಗಿಗೂ ಕೊಟ್ಟರು, ರಾತ್ರಿ ಹೊಳೆ ಇಳಿದು ಫರಂಗಿಯ ಶತ್ರುವಿಗೂ ಕೊಟ್ಟರು. ಇದನ್ನು ದೇಶಭಕ್ತಿ ಎಂದೂ ಕರೆಯಬೇಡಿ, ದ್ರೋಹ ಎಂದೂ ಕರೆಯಬೇಡಿ. ಅವರು ವ್ಯಾಪಾರ ಮಾಡುತ್ತಿದ್ದರು.

1623ರ ಕೊನೆಯಲ್ಲಿ ರೋಮಿನ ಪಿಯೆತ್ರೊ ದೆಲ್ಲ ವಲ್ಲೆ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನ ನೋಡಿ ಘಟ್ಟ ಇಳಿದು ಬಸರೂರಿಗೆ ಬಂದ. ಮೇಲಿನ ಊರು ನಾಯಕನದ್ದು, ಕೆಳಗಿನದ್ದು ಪೋರ್ಚುಗೀಸರದ್ದು ಎಂದು ಅವನೂ ಬರೆಯುತ್ತಾನೆ. ಸೆಟ್ಟಿಗಳ ಸ್ವಾತಂತ್ರ್ಯದ ದಿನಗಳು ಆಗಲೇ ಮುಗಿಯುತ್ತ ಬಂದಿದ್ದವು. ಇಕ್ಕೇರಿಯವರು ಘಟ್ಟದ ಮೇಲಿನಿಂದ ಕೈ ಚಾಚಿದ್ದರು. ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ, ಈಗಿನ ನಗರಕ್ಕೆ, ಬಂತು. ನಕ್ಷೆ ನೋಡಿದರೆ ಇದರ ಅರ್ಥವಾಗುತ್ತದೆ. ಬಿದನೂರಿನಿಂದ ಹೊಸಂಗಡಿ ಘಾಟಿ ಇಳಿದರೆ ನೇರ ಕುಂದಾಪುರದ ಹೊಳೆಗಳು. ಬಸರೂರು ಒಂದು ಸಾಮ್ರಾಜ್ಯದ ಅಂಚಿನಿಂದ ಇನ್ನೊಂದು ರಾಜ್ಯದ ಮುಂಬಾಗಿಲಿಗೆ ಬಂದು ಕೂತಿತು.

ಪೋರ್ಚುಗೀಸರಿಗೆ ಆ ಕಾಲದಲ್ಲಿ ಒಂದರ ಮೇಲೊಂದು ಪೆಟ್ಟು. 1622ರಲ್ಲಿ ಹೋರ್ಮುಜ್ ಹೋಗಿತ್ತು. 1636ರಿಂದ 1644ರ ತನಕ ಡಚ್ಚರು ಪ್ರತಿ ಋತುವಿನಲ್ಲಿ ಗೋವಾದ ಬಾಯಿಗೆ ಹಡಗು ತಂದು ನಿಲ್ಲಿಸಿದರು. 1650ರಲ್ಲಿ ಮಸ್ಕತ್ ಓಮಾನಿನವರ ಪಾಲಾಯಿತು. ಅಕ್ಕಿ ಕೊಳ್ಳುವವನ ಕಿಸೆಯೇ ಹರಿದ ಹೊತ್ತಿಗೆ ಶಿವಪ್ಪ ನಾಯಕ ಇಳಿದು ಬಂದ. 1650ರ ದಶಕದ ಮೊದಲ ವರ್ಷಗಳಲ್ಲಿ ಬಸರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳೆಲ್ಲ ಅವನ ಕೈಗೆ ಬಂದವು. ನಾವು ಇದನ್ನು ಶೌರ್ಯದ ಕಥೆಯಾಗಿ ಹೇಳುತ್ತೇವೆ, ಶೌರ್ಯ ಇತ್ತು ಕೂಡ. ಆದರೆ ನನಗೆ ಹೆಚ್ಚು ದೊಡ್ಡದಾಗಿ ಕಾಣುವುದು ಅವನ ಶಿಸ್ತು, ಗದ್ದೆಗದ್ದೆಯ ಹುಟ್ಟುವಳಿ ನೋಡಿ ಮಾಡಿದ ಕಂದಾಯದ ಕಟ್ಟಳೆ. ಕೋಟೆ ಹಿಡಿದವನಿಗೆ ಕೋಟೆಯ ಹಿಂದಿನ ಭತ್ತವೂ ಲೆಕ್ಕಕ್ಕೆ ಸಿಗಬೇಕಿತ್ತು.

1665ರ ಫೆಬ್ರವರಿಯಲ್ಲಿ ಶಿವಾಜಿ ಬಂದ. ಮಾಲ್ವಣದಿಂದ ಮೂರು ದೊಡ್ಡ ಹಡಗು, 85 ಸಣ್ಣವು. ತಾನೇ ಹಡಗು ಹತ್ತಿ ಬಂದು ಬಸರೂರನ್ನು ಲೂಟಿ ಮಾಡಿ, ಶಿವರಾತ್ರಿಗೆ ಗೋಕರ್ಣದಲ್ಲಿ ಮಿಂದು, ಕಾರವಾರದ ಕಡೆ ಹೋದ. ಸೂರತ್ತಿನ ಲೂಟಿ ಆಗಿ ಒಂದು ವರ್ಷ. ಅಂಥವನು ಇಷ್ಟು ದೂರ ಕಡಲಲ್ಲಿ ಬಂದನೆಂದರೆ ಬಸರೂರಿನಲ್ಲಿ ಲೂಟಿ ಮಾಡುವಂಥದ್ದು ಏನೋ ಉಳಿದಿತ್ತು ಎಂದಾಯಿತು. ಪೇಟೆ ಮತ್ತೆ ಚೇತರಿಸಿಕೊಂಡಿತು, ಡಚ್ಚರು ವಖಾರಿ ಇಟ್ಟರು. ಅವರಿಗೆ ಅಲ್ಲಿ ಬೇಕಿದ್ದದ್ದು ಮಲಬಾರಿನ ತಮ್ಮ ಕಾವಲುಪಡೆಗಳಿಗೆ ಅಕ್ಕಿ ಎಂದು ಸ್ಕಾಟಿಷ್ ನಾವಿಕ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಬರೆಯುತ್ತಾನೆ. ಬಾವುಟ ಯಾರದ್ದಾದರೂ ಆಗಲಿ, ಹಡಗಿಗೆ ಏರುವ ಸರಕು ಬದಲಾಗಲಿಲ್ಲ.

ಮುಂದಿನದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. 1763ರಲ್ಲಿ ಹೈದರಾಲಿ ಬಿದನೂರು ಹಿಡಿದ. ಮೈಸೂರಿನವರ ಕಣ್ಣು ಮಂಗಳೂರಿನ ಮೇಲೆ ಹೋಯಿತು, ಟಿಪ್ಪು ಮಸ್ಕತ್ತಿನಲ್ಲಿ ಕೋಠಿ ತೆರೆದ. 1783ರಲ್ಲಿ ಇಂಗ್ಲಿಷ್ ಜನರಲ್ ಮ್ಯಾಥ್ಯೂಸ್ ಕುಂದಾಪುರದಲ್ಲಿ ಇಳಿದು ಅದೇ ಹೊಸಂಗಡಿ ಘಾಟಿ ಹತ್ತಿ ಬಿದನೂರು ಸೇರಿದ, ಕೆಲವೇ ತಿಂಗಳಲ್ಲಿ ಟಿಪ್ಪುವಿಗೆ ಸೆರೆಯಾದ. 1799ರ ನಂತರ ಕಂಪನಿ ಸರಕಾರ. ಹಾಯಿ ಹೋಗಿ ಉಗಿಹಡಗು ಬಂದಾಗ ಹೊಳೆಯ ಮೇಲಿನ ಬಂದರುಗಳಿಗೆ ಕೆಲಸವಿಲ್ಲವಾಯಿತು. ಉಗಿಹಡಗು ಅಳಿವೆ ದಾಟಿ ಒಳಗೆ ಬರುವುದಿಲ್ಲ, ಹೊರಗೆ ನಿಲ್ಲುತ್ತದೆ. ಮಾಲನ್ನು ಮಂಜಿ, ಮಚುವೆಗಳಲ್ಲಿ ಅಲ್ಲಿಗೆ ಒಯ್ಯಬೇಕು. ಅದಕ್ಕೆ ಕುಂದಾಪುರ, ಮಲ್ಪೆ, ಹಂಗಾರಕಟ್ಟೆಗಳೇ ಅನುಕೂಲ. 1886ರಲ್ಲಿ ಬಾಸೆಲ್ ಮಿಷನ್ನಿನವರು ಮಲ್ಪೆಯಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚು ಕೂಡ ಈ ದೋಣಿಗಳ ಸರಕಾಯಿತು. ಇತ್ತ ಬರ್ಮಾದ ಅಗ್ಗದ ಅಕ್ಕಿ ಮಲಬಾರಿನ ಪೇಟೆಗೆ ನುಗ್ಗಿತು. ಬಸರೂರಿಗೆ ಉಳಿದದ್ದು ದೇವಸ್ಥಾನಗಳು, ಕಲ್ಲುಗಳು, ಕೇರಿಯ ಹೆಸರುಗಳು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ವೈಭವದ ಕಥೆಯಾಗುತ್ತದೆ. ನನಗೆ ಅಷ್ಟು ಧೈರ್ಯವಿಲ್ಲ. ಹಡಗು ತುಂಬುವಷ್ಟು ಅಕ್ಕಿ ಮಿಕ್ಕಿದ್ದು ಹೇಗೆ ಎಂದು ಕೇಳಬೇಕಲ್ಲ. ಗೇಣಿಯಿಂದ ಮಿಕ್ಕಿತು. ಗದ್ದೆಯ ಒಕ್ಕಲು ಮುಡಿ ಕಟ್ಟಿ ಧಣಿಯ ಮನೆಗೆ ಹೊತ್ತ, ಧಣಿ ಅದನ್ನು ಸೆಟ್ಟಿಗೆ ಮಾರಿದ, ಸೆಟ್ಟಿ ದೋಣಿಗೆ ಹತ್ತಿಸಿದ. 1801ರಲ್ಲಿ ಈ ದಾರಿಯಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಅಕ್ಕಿಯೇ ಈ ಸೀಮೆಯ ಮುಖ್ಯ ರಫ್ತು ಎಂದು ಬರೆದ. ಅದೇ ಪುಸ್ತಕದಲ್ಲಿ ಜೀತದಾಳುಗಳನ್ನು ಕೊಳ್ಳುವ ಬೆಲೆ ಎಷ್ಟು, ಅವರಿಗೆ ದಿನಕ್ಕೆ ಎಷ್ಟು ಅಕ್ಕಿ ಅಳೆದುಕೊಡುತ್ತಾರೆ ಎಂಬುದನ್ನೂ ಬರೆದ. ಆ ಎರಡು ಸಾಲುಗಳನ್ನು ಬೇರೆ ಬೇರೆ ಓದುವ ಅಭ್ಯಾಸ ನಮಗಿದೆ. ಮಸ್ಕತ್ತಿನ ವರ್ತಕ ಉಂಡ ಅನ್ನ ಇಲ್ಲಿ ಯಾರದ್ದೋ ಬಟ್ಟಲಿನಿಂದ ಹೋದದ್ದು. ಆಟಿ ತಿಂಗಳಲ್ಲಿ ಕೆಸುವಿನ ಸೊಪ್ಪು, ಹಲಸಿನ ಬೀಜ, ತಗಟೆ ಸೊಪ್ಪು ತಿಂದು ದಿನ ದೂಡಿದವರು ಅದೇ ಅಕ್ಕಿಯನ್ನು ಕಾರ್ತಿಕದಲ್ಲಿ ಕೊಯ್ದವರು. 1974ರ ಭೂಸುಧಾರಣೆಯ ತನಕ ಮುಡಿ ಹೊರುವ ಬೆನ್ನು ಬದಲಾಗಲಿಲ್ಲ. ಬಂದರು ಬದಲಾಗಿತ್ತು ಅಷ್ಟೆ.

ಗೇಣಿ ನಿಂತ ಮೇಲೆ ಗದ್ದೆ ಒಕ್ಕಲಿನದ್ದಾಯಿತು, ಆದರೆ ಅವನ ಮಕ್ಕಳು ಮುಂಬಯಿಗೂ ಕೊಲ್ಲಿಗೂ ಹೋದರು. ಅಕ್ಕಿ ಹೋದ ದಾರಿಯಲ್ಲೇ ಜನ ಹೋದದ್ದನ್ನು ಗಮನಿಸಿ, ಗೋವಾ, ಮಸ್ಕತ್, ಬಹರೈನ್. ಮಣಿಪಾಲದ ಕಟ್ಟಡಗಳು ಗುಡ್ಡ ಇಳಿದು ಈ ಕಡೆಗೆ ಬರುತ್ತಿರುವುದನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಬೆಟ್ಟುಗದ್ದೆ ಮೊದಲು ಹಡಿಲು ಬಿತ್ತು, ಆಮೇಲೆ ಮಜಲು, ಈಗ ಬೈಲಿನಲ್ಲೂ ಹುಲ್ಲು. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಉಳುವ ಆಂದೋಲನ ನಡೆಯಿತು, ಶಾಲೆ ಮಕ್ಕಳಿಂದ ಹಿಡಿದು ಜನಪ್ರತಿನಿಧಿಗಳ ತನಕ ಕೆಸರಿಗಿಳಿದರು. ಫೋಟೋಗಳು ಚೆನ್ನಾಗಿದ್ದವು. ಉತ್ತ ಗದ್ದೆಯನ್ನು ಪ್ರತಿವರ್ಷ ಉಳುವುದು ಬೇರೆಯೇ ಕೆಲಸ.

ಇನ್ನೊಂದು ಸಂಗತಿ ಹೇಳಿಬಿಡುತ್ತೇನೆ. ಇವತ್ತು ನಮ್ಮ ಕರಾವಳಿಯ ರೈತ ಅತಿ ಹೆಚ್ಚು ನಂಬಿರುವ ಭತ್ತದ ತಳಿ ಎಂಒ4. ಅದು ಹುಟ್ಟಿದ್ದು ಕೇರಳದ ಕುಟ್ಟನಾಡಿನ ಮಂಕೊಂಬು ಸಂಶೋಧನಾ ಕೇಂದ್ರದಲ್ಲಿ. ನಾವು ಶತಮಾನಗಟ್ಟಲೆ ಅಕ್ಕಿ ಕಳಿಸಿ ಉಣ್ಣಿಸಿದ ಕರೆಯಿಂದ ಈಗ ನಮಗೆ ಬೀಜ ಬಂದಿದೆ. ಅದಕ್ಕೆ ಬದಲಿಯಾಗಿ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದ ಕಡೆಯಿಂದ ಸಹ್ಯಾದ್ರಿ ಕೆಂಪುಮುಕ್ತಿ ಎಂಬ ಕೆಂಪಕ್ಕಿಯ ತಳಿ ಬಂದಿದೆ, ಕೆಲವರು ಬೆಳೆದು ನೋಡುತ್ತಿದ್ದಾರೆ. ಬ್ರಹ್ಮಾವರ ಬಾರಕೂರಿನ ಪಕ್ಕದ್ದೇ ಊರು.

ಕೊನೆಯದಾಗಿ, ಬೇಡಿಕೆ ಒಂದಿದೆ. ಬಸರೂರಿನ ಬಗ್ಗೆ ನಾವು ತಿಳಿದದ್ದರಲ್ಲಿ ಬಹುಪಾಲು ಪೋರ್ಚುಗೀಸರ ಕಾಗದದಿಂದ. ಪಣಜಿಯ ಪತ್ರಾಗಾರದಲ್ಲಿ, ಲಿಸ್ಬನ್ನಿನಲ್ಲಿ ಅವು ಭದ್ರವಾಗಿವೆ. ನಮ್ಮ ಕಡೆಯ ಕಾಗದ ನಮ್ಮ ಅಟ್ಟಗಳಲ್ಲಿದೆ: ಗೇಣಿಚೀಟಿ, ಮೂಲಗೇಣಿ ಕರಾರು, ಮುಡಿ ಲೆಕ್ಕದ ಕಡತ, ಅಂಗಡಿಯ ಖಾತೆ. ಮನೆ ಕೆಡವಿ ಹೊಸದು ಕಟ್ಟುವಾಗ ಇವು ಮೊದಲು ಬೆಂಕಿಗೆ ಹೋಗುತ್ತವೆ. ಅಲೆವೂರಿನ ಯಾವ ಮನೆಯ ಅಕ್ಕಿ ಯಾವ ಧಕ್ಕೆಗೆ, ಯಾವ ಸಾಹುಕಾರನ ದೋಣಿಗೆ ಹೋಯಿತು ಎಂಬುದು ಅವುಗಳಲ್ಲಿ ಮಾತ್ರ ಸಿಗಬಹುದು. ಯಾರ ಮನೆಯಲ್ಲಾದರೂ ಅಂಥ ಕಟ್ಟು ಇದ್ದರೆ ಮೂಲ ನಿಮ್ಮಲ್ಲೇ ಇರಲಿ, ಒಂದು ಮಧ್ಯಾಹ್ನ ಕೂತು ಫೋಟೋ ತೆಗೆದುಕೊಳ್ಳಲು ನಮ್ಮ ವಿದ್ಯಾರ್ಥಿಗಳಿಗೆ ಅವಕಾಶ ಕೊಡಿ. ಕಾರ್ಯಕ್ರಮ ಮುಗಿದ ಮೇಲೆ ನಾನು ಇಲ್ಲೇ ವೇದಿಕೆಯ ಬಳಿ ಇರುತ್ತೇನೆ.